ತೊರಕೆಗೂ ಲಿವರ್‌ವರ್ಟಿಗೂ ಇರುವ ವ್ಯತ್ಯಾಸ

ಯಾವ ಹಾಳೆ ಕೈಗೆ ಸಿಕ್ಕರೂ ಅದರ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುವುದು ನನ್ನ ಕೈಗೆ ಅಂಟಿದ ರೋಗ. ಮದುವೆಯ ಆಮಂತ್ರಣದ ಹಿಂಬದಿ, ಔಷಧಿ ಅಂಗಡಿಯ ಚೀಟಿ, ಕೊನೆಗೆ ಬಸ್ಸಿನ ಟಿಕೆಟ್ಟನ್ನೂ ಬಿಟ್ಟಿಲ್ಲ. ಜೀವಶಾಸ್ತ್ರ ಕಲಿಸಲು ಸೇರಿದಂದಿನಿಂದ ಬೋರ್ಡಿನ ನಡುವೆ ಗೆರೆ ಎಳೆದು ‘ವ್ಯತ್ಯಾಸ ಬರೆಯಿರಿ’ ಎನ್ನುತ್ತ ಬಂದವಳು ನಾನು. ಅಪಧಮನಿಗೆ ಅಭಿಧಮನಿ, ಏಕದಳಕ್ಕೆ ದ್ವಿದಳ, ಕಪ್ಪೆಗೆ ನೆಲಗಪ್ಪೆ. ಈಗ ಯಾವುದನ್ನು ಕಂಡರೂ ಅದಕ್ಕೊಂದು ಜೋಡಿ ಬೇಕೆನಿಸುತ್ತದೆ. ಒಮ್ಮೆ ನಮ್ಮ ಯಜಮಾನರು ಇಂಥದೊಂದು ಚೀಟಿ ಹಿಡಿದುಕೊಂಡು ಬಂದು, ಎಡಗಡೆ ತಮ್ಮ ಹೆಸರೂ ಬಲಗಡೆ ನಮ್ಮ ಮನೆಯ ಹಳೆಯ ಫ್ರಿಜ್ಜೂ ಏಕಿವೆ ಎಂದು ಕೇಳಿದರು. ಎರಡೂ ಸುಮ್ಮನಿದ್ದಾಗಲೂ ಸದ್ದು ಮಾಡುತ್ತವೆ ಎಂದೆ. ಅವರು ನಗಲಿಲ್ಲ. ಅದನ್ನೂ ಇಬ್ಬರ ಸಾಮ್ಯವೆಂದೇ ಬರೆದುಕೊಂಡೆ.

ಹೋದ ವಾರ ಗೆರೆ ಬಿದ್ದದ್ದು ಡಾಕ್ಟರು ಕೊಟ್ಟ ಚೀಟಿಯ ಹಿಂಬದಿಗೆ. ಮೂರು ತಿಂಗಳಿಂದ ನನಗೆ ದಣಿವು. ಮಲಗಿದರೂ ದಣಿವು, ಎದ್ದರೂ ದಣಿವು. ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ರಾಯಬಾಗ ತಾಲೂಕಿನ ನಮ್ಮ ಕಾಲೇಜಿನ ಮುಂದೆ ಇಳಿಯುವಷ್ಟರಲ್ಲಿ ಆ ದಿನದ ಜೀವವೆಲ್ಲ ಮುಗಿದಿರುತ್ತದೆ. ಇದೆಲ್ಲ ಬಸ್ಸಿನ ಕಾಟ ಎಂದುಕೊಂಡಿದ್ದೆ. ರಜೆಯಲ್ಲೂ ದಣಿವು ಹೋಗಲಿಲ್ಲವಾದ್ದರಿಂದ ಡಾಕ್ಟರು ರಕ್ತ ತಪಾಸಣೆಗೆ ಬರೆದುಕೊಟ್ಟರು. ಬರಿಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಒಂದು ಗುಟುಕು ಚಹಾ ಕೂಡ ಇಲ್ಲದೆ ಮುಂಜಾನೆಯೇ ಹೋಗಿ ತಪಾಸಣೆಯ ಲ್ಯಾಬಿನ ಬೆಂಚಿನ ಮೇಲೆ ಕೂತೆ.

ಅಲ್ಲಿ ಗಾಜಿನ ಕಿಟಕಿಯಾಚೆ ಬಿಳಿ ಕೋಟು ತೊಟ್ಟು ಹೆಸರು ಕೂಗುತ್ತಿದ್ದವಳನ್ನು ನೋಡಿದೊಡನೆ ಗುರುತು ಹತ್ತಿತು. ಸುಜಾತಾ. ಹದಿನೈದು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. ಅಲಖನೂರಿನಿಂದ ಬರುತ್ತಿದ್ದಳು, ಅವಳ ತಾಯಿ ಕಬ್ಬಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಈ ಹುಡುಗಿಗೆ ನಾನೊಂದು ಮಾತು ಹೇಳುವುದಿತ್ತು. ಹದಿನೈದು ವರ್ಷದಲ್ಲಿ ಹೇಳಿರಲಿಲ್ಲ. ಎದ್ದು ಮನೆಗೆ ಹೋಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಏಳಲೂ ದಣಿವು. ಅಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಗೆರೆ ಎಳೆದು, ಎಡಗಡೆ ‘ತೊರಕೆ’ ಎಂದೂ ಬಲಗಡೆ ‘ಲಿವರ್‌ವರ್ಟ್’ ಎಂದೂ ಬರೆದಿತ್ತು.

ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಬಿಡಿ. ತೊರಕೆ ಕಡಲಿನ ಮೀನು. ಹಸಿ ಮೀನಿನ ಮೇಲೆ ಯಾರೋ ಲಟ್ಟಣಿಗೆ ಓಡಿಸಿದಷ್ಟು ಚಪ್ಪಟೆ, ಎರಡೂ ಬದಿಗೆ ಸೆರಗಿನಂಥ ಅಗಲ, ಹಿಂದೆ ಉದ್ದ ಬಾಲ, ಬಾಲದಲ್ಲಿ ಮುಳ್ಳು. ಲಿವರ್‌ವರ್ಟ್ ಒಂದು ಸಸ್ಯ. ಒದ್ದೆ ಕಲ್ಲಿಗೋ ಮಣ್ಣಿಗೋ ಒತ್ತಿಕೊಂಡು ಹಬ್ಬುವ ಹಸಿರು, ಹಾವಸೆಯ ಹತ್ತಿರದ ನೆಂಟ. ಎಲೆ ಇಲ್ಲ, ಕಾಂಡ ಇಲ್ಲ, ಬೇರಿನ ಹೆಸರಿಗೆ ಕೂದಲೆಳೆಯಂಥ ನಾಲ್ಕು ಎಳೆ. ಒಂದು ಈಜುತ್ತದೆ, ಇನ್ನೊಂದು ಹುಟ್ಟಿದಲ್ಲೇ ಇರುತ್ತದೆ. ಒಂದಕ್ಕೆ ಬಾಯಿ ಇದೆ, ಇನ್ನೊಂದು ಬಿಸಿಲು ಉಣ್ಣುತ್ತದೆ. ವ್ಯತ್ಯಾಸ ಕೇಳಿದರೆ ಹಾಳೆ ಸಾಲದು. ಸಾಮ್ಯ ಕೇಳಿದರೆ ಒಂದೇ: ಎರಡೂ ಚಪ್ಪಟೆ, ಎರಡೂ ತಳಕ್ಕೆ ಅಂಟಿಕೊಂಡು ಯಾರ ಕಣ್ಣಿಗೂ ಬೀಳದೆ ಬದುಕಲು ನೋಡುತ್ತವೆ. ಹಾಗೆ ನೋಡಿದರೆ ಮೂರು ತಿಂಗಳಿಂದ ಹಾಸಿಗೆಗೆ ಅಂಟಿರುವ ನನಗೂ ಒಂದು ಕಾಲಂ ಹಾಕಬಹುದು.

ಲಿವರ್‌ವರ್ಟಿನ ಪರಿಚಯ ನನಗೆ ಅದರ ಹೆಸರಿಗಿಂತ ಮೊದಲೇ ಆಗಿತ್ತು. ನನ್ನ ಆಯಿ, ಅಂದರೆ ಅಮ್ಮನ ಅಮ್ಮ, ಇದ್ದದ್ದು ನಿಪ್ಪಾಣಿ ಹತ್ತಿರದ ಭೋಜದಲ್ಲಿ. ಬೇಸಿಗೆ ರಜೆಯೆಂದರೆ ಭೋಜ. ಮನೆಯ ಪಡಸಾಲೆ ತುಂಬ ತಂಬಾಕಿನ ಘಾಟು, ಹಿಂದೆ ಮೆಟ್ಟಿಲಿನ ಬಾವಿ. ಬಾವಿಯ ಒಂದು ಮಗ್ಗುಲಿನ ಕಲ್ಲುಗಳಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಆ ಕಲ್ಲುಗಳ ಮೇಲೆ ಈ ಚಪ್ಪಟೆ ಹಸಿರು ಚಿಕ್ಕ ಚಿಕ್ಕ ಕವಲೊಡೆದು ಹಬ್ಬಿರುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಒಣಗಿದ ಗಾಯದ ಹಕ್ಕಳೆಯಂತೆ ಮೆಲ್ಲಗೆ ಎದ್ದುಬರುತ್ತಿತ್ತು. ತಣ್ಣಗಿರುತ್ತಿತ್ತು. ಅದನ್ನು ಹಣೆಗೆ ಅಂಟಿಸಿಕೊಂಡು ಟಿಕಳಿ ಎಂದು ಮೆರೆಯುತ್ತಿದ್ದೆ. ಆಯಿ ಮುದ್ದು ಮಾಡುತ್ತಿದ್ದದ್ದು ಕನ್ನಡದಲ್ಲಿ, ಗದರಿಸುತ್ತಿದ್ದದ್ದು ಮರಾಠಿಯಲ್ಲಿ. ಕಾಲು ಜೋಪಾನವಾಗಿ ಇಡು ಎಂಬುದಕ್ಕೆ ಮೇಲಿನಿಂದ ‘ಪಾಯ ಜಪೂನ ಠೇವ’ ಎಂದು ಕೂಗುತ್ತಿದ್ದಳು. ಕೂಗುವುದರೊಳಗೆ ನಾನು ಜಾರಿ ಎರಡು ಮೆಟ್ಟಿಲು ಕೆಳಗೆ ಕೂತಿರುತ್ತಿದ್ದೆ.

ಕಾಲೇಜಿಗೆ ಕಲಿಸಲು ಸೇರಿದ ವರ್ಷ ಅದೇ ಮೆಟ್ಟಿಲಿನಿಂದ ಚಮಚೆಯಲ್ಲಿ ಒಂದಿಷ್ಟು ಎಬ್ಬಿಸಿ, ಸ್ಟೀಲಿನ ಡಬ್ಬಿಯಲ್ಲಿ ತಂದು ನಮ್ಮ ಪ್ರಯೋಗಾಲಯದ ಬಾಟಲಿಗೆ ಹಾಕಿದೆ. ನಮ್ಮ ಪ್ರಯೋಗಾಲಯವೆಂದರೆ ಎರಡು ಮೇಜು, ಒಂದು ಕಪಾಟು, ಕಪಾಟಿನಲ್ಲಿ ಫಾರ್ಮಾಲಿನ್ ತುಂಬಿದ ಬಾಟಲಿಗಳು. ತೊರಕೆ ಆಗಲೇ ಅಲ್ಲಿತ್ತು. ನನಗಿಂತ ಮೊದಲಿದ್ದ ಸರ್ ರತ್ನಾಗಿರಿ ಕಡೆ ಹೋದಾಗ ಬೆಸ್ತರಿಂದ ಬೇಡಿ ತಂದದ್ದಂತೆ. ಅದು ಬಂದ ಬಸ್ಸಿನಲ್ಲಿ ಅವರ ಸುತ್ತಲಿನ ಸೀಟುಗಳೆಲ್ಲ ನಿಪ್ಪಾಣಿಯವರೆಗೂ ಖಾಲಿ ಇದ್ದವೆಂದು ನಮ್ಮ ಅಟೆಂಡರ್ ದುಂಡಪ್ಪ ಹೇಳುತ್ತಿದ್ದರು. ಎರಡೂ ವರ್ಷಗಟ್ಟಲೆ ಔಷಧಿಯಲ್ಲಿ ನೆನೆದು ಬಣ್ಣ ಬಿಟ್ಟವು. ಹಸಿರು ಹೋಯಿತು, ಬೂದಿ ಹೋಯಿತು, ಎರಡೂ ಹಳೆಯ ಪಂಚೆಯ ಬಣ್ಣಕ್ಕೆ ಬಂದು ನಿಂತವು.

ದುಂಡಪ್ಪ ಮುಗಳಖೋಡದವರು. ಕಾಲೇಜಿನಲ್ಲಿ ನಿಜವಾದ ಜೀವಶಾಸ್ತ್ರದ ಮೇಷ್ಟ್ರು ಅವರೇ ಎಂದರೆ ತಪ್ಪಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತೇವೆ. ಹುಡುಗರು ಒಂದೊಂದರ ಮುಂದೆ ಎರಡು ನಿಮಿಷ ನಿಂತು, ಒಳಗಿರುವುದು ಯಾವುದು, ಏಕೆ ಎಂದು ಬರೆಯಬೇಕು. ಗಂಟೆ ಬಾರಿಸಿದೊಡನೆ ಮುಂದಿನದಕ್ಕೆ ಸರಿಯಬೇಕು. ಎರಡು ನಿಮಿಷದಲ್ಲಿ ಆ ಮಬ್ಬು ಗಾಜಿನೊಳಗೆ ಇಣುಕಿ ಏನು ಕಾಣಬೇಕು? ಅದಕ್ಕೇ ಪರೀಕ್ಷೆಯ ಹಿಂದಿನ ವಾರ ಎಲ್ಲರೂ ದುಂಡಪ್ಪನವರ ಹತ್ತಿರ ಹೋಗುತ್ತಿದ್ದರು. ಅವರು ಒಳಗಿನದನ್ನು ಹೇಳಿಕೊಡುತ್ತಿರಲಿಲ್ಲ, ಬಾಟಲಿಯನ್ನು ಹೇಳಿಕೊಡುತ್ತಿದ್ದರು. ಕೆಂಪು ಮುಚ್ಚಳದ್ದು ತೊರಕೆ. ಕೊರಳಿಗೆ ಸೈಕಲ್ ಟ್ಯೂಬ್ ಸುತ್ತಿದ ಅಗಲ ಬಾಯಿಯದು ಲಿವರ್‌ವರ್ಟ್. ತಳದಲ್ಲಿ ಬಿರುಕು ಬಿಟ್ಟದ್ದು ನಕ್ಷತ್ರ ಮೀನು. ಹುಡುಗರು ಉರು ಹೊಡೆಯುತ್ತಿದ್ದರು, ಒಬ್ಬರೂ ತಪ್ಪುತ್ತಿರಲಿಲ್ಲ. ನನಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ನಮ್ಮ ಕಾಲೇಜಿನ ಫಲಿತಾಂಶ ಚೆನ್ನಾಗಿತ್ತು, ನಾನು ಕಪಾಟಿನ ಕಡೆ ಬೆನ್ನು ಹಾಕಿ ಕೂತಿದ್ದೆ.

ಸುಜಾತಾ ಓದುತ್ತಿದ್ದ ವರ್ಷ ಆದದ್ದು ಇಷ್ಟೇ. ವರ್ಷಕ್ಕೊಮ್ಮೆ, ಪರೀಕ್ಷೆಯ ಹಿಂದಿನ ದಿನ, ದುಂಡಪ್ಪ ಬಾಟಲಿಗಳನ್ನೆಲ್ಲ ಹೊರಗೆ ತಂದು ಬೂದಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಆ ಸಲ ಕೆಂಪು ಮುಚ್ಚಳದ ಬಾಟಲಿ ಒದ್ದೆ ಕೈಯಿಂದ ಜಾರಿ ಚೂರಾಯಿತು. ತೊರಕೆ ಹಿಡಿಸುವಷ್ಟು ಅಗಲ ಬಾಯಿ ಇದ್ದದ್ದು ಇನ್ನೊಂದೇ ಬಾಟಲಿಗೆ. ಅವರು ಲಿವರ್‌ವರ್ಟನ್ನು ತೆಗೆದು ಒಂದು ಹಳೆಯ ಟಾನಿಕ್ ಬಾಟಲಿಗೆ ಹಾಕಿ, ಆ ಜಾಗಕ್ಕೆ ತೊರಕೆಯನ್ನು ತುಂಬಿ, ಕೊರಳಿಗೆ ಮತ್ತೆ ಟ್ಯೂಬ್ ಬಿಗಿದರು. ಟಾನಿಕ್ ಬಾಟಲಿಯನ್ನು ಕಪಾಟಿನ ಹಿಂದೆ ಇಟ್ಟರು. ನನಗೆ ಹೇಳಿದ್ದರು ಕೂಡ. ‘ಮಾಲ ಅದ ಐತ್ರಿ ಅಕ್ಕಾರ, ಬಾಟ್ಲಿ ಅಷ್ಟ ಬ್ಯಾರೆ’ ಎಂದಿದ್ದರು. ಸರಿ ಎಂದು ತಲೆಯಾಡಿಸಿದೆ. ನನ್ನ ಬಸ್ಸಿಗೆ ಹೊತ್ತಾಗಿತ್ತು.

ಮರುದಿನ ಪರೀಕ್ಷೆ ಮುಗಿದು ಉತ್ತರಗಳನ್ನು ನೋಡಿದರೆ ಇಡೀ ತಂಡ ಆ ಬಾಟಲಿಗೆ ‘ಲಿವರ್‌ವರ್ಟ್’ ಎಂದು ಬರೆದಿತ್ತು. ಬರೀ ಹೆಸರಲ್ಲ, ಕಾರಣ ಸಮೇತ. ‘ಇದು ಹಸಿರು ಸಸ್ಯ, ನಿಜವಾದ ಬೇರು ಕಾಂಡ ಎಲೆಗಳಿಲ್ಲ, ತೇವವಾದ ಸ್ಥಳದಲ್ಲಿ ಬೆಳೆಯುತ್ತದೆ.’ ತೊರಕೆಯನ್ನು ಅದರ ಹೊಟ್ಟೆ ಗಾಜಿಗೆ ಒತ್ತುವಂತೆ ತುಂಬಿದ್ದರು. ಹೊಟ್ಟೆಯ ಕಡೆ ಅದರ ಬಾಯಿ, ಮೇಲೆ ಎರಡು ಮೂಗಿನ ಹೊಳ್ಳೆ. ನೋಡಿದರೆ ಥೇಟ್ ಒಂದು ಬಿಳುಚಿದ ಮುಖ ನಗುತ್ತಿರುವಂತೆ ಕಾಣುತ್ತದೆ. ಆ ನಗುವ ಮುಖದ ಎದುರು ನಿಂತು ನನ್ನ ಮಕ್ಕಳು ‘ದ್ಯುತಿಸಂಶ್ಲೇಷಣೆ ನಡೆಸುತ್ತದೆ’ ಎಂದು ಬರೆದಿದ್ದರು. ಮೊದಲು ನನಗೂ ನಗು ಬಂತು. ಆಮೇಲೆ ಉತ್ತರಗಳನ್ನು ಮತ್ತೆ ಮೊದಲಿನಿಂದ ತಿರುವಿಹಾಕಿದೆ.

ಒಬ್ಬಳು ಮಾತ್ರ ಬೇರೆ ಬರೆದಿದ್ದಳು. ಅಕ್ಷರ ಚಿಕ್ಕದು, ಸಾಲು ನೇರ. ‘ಬಾಟಲಿ ಲಿವರ್‌ವರ್ಟಿನದು. ಒಳಗೆ ಇರುವುದು ಲಿವರ್‌ವರ್ಟ್ ಅಲ್ಲ. ಇದಕ್ಕೆ ಬಾಯಿ ಇದೆ, ಬಾಲ ಇದೆ. ಇದು ತೊರಕೆ.’

ಹೊರಗಿನಿಂದ ಬಂದಿದ್ದ ಪರೀಕ್ಷಕರು ಅಥಣಿ ಕಡೆಯ ಹಿರಿಯರು, ಒಳ್ಳೆಯವರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಎಲ್ಲರಿಗೂ ಸೊನ್ನೆ ಕೊಟ್ಟರೆ ಮೇಲಿನವರು ಏಕೆಂದು ಕೇಳುತ್ತಾರೆ, ಉತ್ತರ ನಾವಿಬ್ಬರೂ ಕೊಡಬೇಕು ಎಂದರು. ಬಾಗಿಲ ಬಳಿ ದುಂಡಪ್ಪ ತಲೆಗೆ ಕೈಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು, ಹುಡುಗರ ವರ್ಷ ನನ್ನ ಕೈಯಿಂದ ಹಾಳಾಯಿತು ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಪರೀಕ್ಷಕರು ಉತ್ತರಗಳ ಪಟ್ಟಿ ತೆಗೆದುಕೊಂಡು, ಆ ಬಾಟಲಿಯ ಮುಂದೆ ಇದ್ದ ‘ತೊರಕೆ’ಯನ್ನು ಹೊಡೆದು ‘ಲಿವರ್‌ವರ್ಟ್’ ಎಂದು ಬರೆದರು. ಕೆಳಗೆ ತಮ್ಮ ಸಹಿ ಮಾಡಿ ನನ್ನ ಕಡೆ ಸರಿಸಿದರು. ನಾನು ಓದದೆ ಸಹಿ ಮಾಡಿದೆ. ಓದಿದ್ದರೆ ಮಾಡಲು ಆಗುತ್ತಿರಲಿಲ್ಲ. ಹೀಗೆ ಸುಳ್ಳು ಬರೆದವರೆಲ್ಲರಿಗೂ ಎರಡೆರಡು ಅಂಕ ಬಂತು, ನಿಜ ಬರೆದವಳಿಗೆ ಸೊನ್ನೆ. ಎರಡನ್ನೂ ಸರಿಯೆಂದು ಬರೆಯಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಸೀಟು ಸಿಕ್ಕ ಮೇಲೆ.

ಇಷ್ಟೇ ಆಗಿದ್ದರೆ ಹೇಗೋ ಮರೆಯುತ್ತಿದ್ದೆನೇನೋ. ಎರಡು ಅಂಕದಿಂದ ಅವಳೇನೂ ನಪಾಸಾಗುವವಳಲ್ಲ. ಆದರೆ ಬಸ್ಸಿಗೆ ಹೊರಡುವಾಗ ಸುಜಾತಾ ಗೇಟಿನ ಹತ್ತಿರ ಕಾದಿದ್ದಳು. ಹೊರಗೆ ಗೆಳತಿಯರೆಲ್ಲ ಉತ್ತರ ಹೋಲಿಸಿ ನೋಡಿ ಅವಳನ್ನು ಗೇಲಿ ಮಾಡಿದ್ದರು. ಅವಳು ಅಂಕ ಕೇಳಲಿಲ್ಲ.

‘ಮೇಡಂ, ಅದು ತೊರಕಿನ ಹೌದಲ್ರಿ?’

ಹೌದು ಎನ್ನಲು ಎಷ್ಟು ಹೊತ್ತು ಬೇಕು? ಹೌದು ಎಂದರೆ, ಹಾಗಾದರೆ ಉಳಿದವರದ್ದು ಎಂದು ಕೇಳುತ್ತಾಳೆ. ಅದಕ್ಕೆ ಉತ್ತರಿಸಿದರೆ ಪಟ್ಟಿ, ಸಹಿ, ದುಂಡಪ್ಪ, ಎಲ್ಲ ಹೊರಗೆ ಬರುತ್ತದೆ. ಬೆಳಗಿನಿಂದ ನಿಂತು ನನ್ನ ಕಾಲು ಬಾತಿದ್ದವು. ಈಗ ನೆನೆದರೆ ನನ್ನ ಬಹಳಷ್ಟು ಸುಳ್ಳುಗಳನ್ನು ನಾನು ಹೇಳಿರುವುದು ಕೆಟ್ಟತನದಿಂದಲ್ಲ, ದಣಿವಿನಿಂದ. ‘ಇಲ್ಲವ್ವಾ, ನೀ ಸರಿಯಾಗಿ ನೋಡಿಲ್ಲ’ ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ‘ಹೌದೇನ್ರಿ’ ಎಂದು ತಲೆ ತಗ್ಗಿಸಿ ಹೋದಳು. ನಾನು ಕಲಿಸಿದ್ದನ್ನೆಲ್ಲ ಆ ಒಂದು ಮಾತಿನಲ್ಲಿ ಅಳಿಸಿದೆ. ಕಣ್ಣಿನಿಂದ ನೋಡು, ನೋಡಿದ್ದನ್ನು ಬರೆ ಎಂದು ವರ್ಷವೆಲ್ಲ ಬೋರ್ಡಿನ ಮುಂದೆ ಒದರಿದವಳು, ನೋಡಿ ಬರೆದ ಒಂದೇ ಒಂದು ಮಗುವಿಗೆ ನಿನ್ನ ಕಣ್ಣು ಸರಿಯಿಲ್ಲ ಎಂದೆ.

ದುಂಡಪ್ಪ ಈಗ ನಿವೃತ್ತರಾಗಿ ಎಮ್ಮೆ ಸಾಕಿಕೊಂಡಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನ ಆರೋಗ್ಯಕ್ಕಿಂತ ಮೊದಲು ಬಾಟಲಿಗಳ ಆರೋಗ್ಯ ವಿಚಾರಿಸುತ್ತಾರೆ. ಟಾನಿಕ್ ಬಾಟಲಿಯ ಲಿವರ್‌ವರ್ಟ್ ಯಾವಾಗಲೋ ಕರಗಿ ಹೋಯಿತು. ಭೋಜದ ಬಾವಿಯನ್ನೂ ಮುಚ್ಚಿದ್ದಾರೆ. ತೊರಕೆ ಮಾತ್ರ ಆ ಅಗಲ ಬಾಯಿಯ ಬಾಟಲಿಯಲ್ಲಿ ಇನ್ನೂ ಇದೆ. ಕಪಾಟು ತೆರೆದಾಗಲೆಲ್ಲ ಗಾಜಿಗೆ ಮುಖ ಒತ್ತಿ ನನ್ನನ್ನು ನೋಡಿ ನಗುತ್ತದೆ. ಮೂಳೆ ಇಲ್ಲದ ಪ್ರಾಣಿ ಅದು, ಮೈಯೆಲ್ಲ ಬರೀ ಮೆದು ಎಲುಬು. ಆದರೂ ಬೆನ್ನೆಲುಬು ಎಂಬುದೊಂದು ಅದಕ್ಕಿದೆ. ಆವತ್ತಿನ ನನ್ನ ಕಾಲಮ್ಮಿನಲ್ಲಿ ಅದನ್ನೂ ಬರೆಯುವಂತಿಲ್ಲ.

ಚೀಟಿಯ ಹಿಂದೆ ನಾನು ‘ಬಾಲ ಇದೆ’, ‘ಬಾಲ ಇಲ್ಲ’ ಎಂಬಲ್ಲಿಗೆ ಬಂದಿದ್ದೆ. ಒಳಗಿನಿಂದ ನನ್ನ ಹೆಸರು ಕೂಗಿದರು.

ಸುಜಾತಾ ಗುರುತು ಹಿಡಿದಳು. ನಮಸ್ಕಾರ ಮೇಡಂ ಎಂದು ಕುರ್ಚಿ ಸರಿಸಿದಳು, ಇಷ್ಟು ಸೊರಗಿದ್ದೀರಲ್ಲ ಎಂದಳು. ಮದುವೆಯಾಗಿ ಚಿಕ್ಕೋಡಿಯಲ್ಲೇ ಮನೆ ಮಾಡಿದ್ದಾಳೆ, ತಾಯಿಯೂ ಜೊತೆಗೇ ಇದ್ದಾರೆ. ಮಾತಾಡುತ್ತಲೇ ತೋಳಿಗೆ ಪಟ್ಟಿ ಬಿಗಿದಳು. ಸೂಜಿ ಹೋದದ್ದೂ ಗೊತ್ತಾಗಲಿಲ್ಲ, ಅಷ್ಟು ಹಗುರ ಕೈ. ಕೊಳವೆ ತುಂಬಿತು. ಆಮೇಲೆ ಯಾವ ಯಾವ ತಪಾಸಣೆ ಎಂದು ನೋಡಲು ಮೇಜಿನ ಮೇಲಿದ್ದ ನನ್ನ ಚೀಟಿ ತೆಗೆದುಕೊಂಡಳು. ಮಗುಚಿ ಇಟ್ಟಿದ್ದೆನೆಂದು ಆಗ ನನಗೆ ನೆನಪಾಯಿತು.

ನಡುವಿನ ಗೆರೆ ನೋಡಿ ಸಣ್ಣಗೆ ನಕ್ಕಳು. ಮೇಲಿನ ಎರಡು ಹೆಸರು ಓದಿದ ಮೇಲೆ ನಗು ನಿಂತಿತು. ಚೀಟಿಯನ್ನು ತಿರುಗಿಸಲೇ ಇಲ್ಲ, ಹಾಗೇ ಹಿಡಿದುಕೊಂಡಳು.

‘ಅದು ತೊರಕೆನೇ ಆಗಿತ್ತವ್ವ’ ಎಂದೆ. ಹದಿನೈದು ವರ್ಷ ತಡೆದಿಟ್ಟ ಮಾತು ಹೊರಬಿದ್ದಾಗ ಇಷ್ಟು ಚಿಕ್ಕದಾಗಿತ್ತು. ಆಮೇಲೆ ಉಳಿದದ್ದನ್ನೂ ಹೇಳಿದೆ: ಒಡೆದ ಬಾಟಲಿ, ಹೊಡೆದು ಬರೆದ ಪಟ್ಟಿ, ನನ್ನ ಸಹಿ. ಹೇಳುವಾಗ ಅವಳ ಮುಖ ನೋಡಲಾಗದೆ ನನ್ನ ತೋಳಿನ ಹತ್ತಿಯನ್ನೇ ನೋಡುತ್ತಿದ್ದೆ.

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು.

‘ನಾ ನೋಡಿದ್ನಲ್ರಿ ಮೇಡಂ, ನನಗ ಗೊತ್ತಿತ್ತು’ ಎಂದಳು. ‘ಆದ್ರ ನೀವ ಅಲ್ಲ ಅಂದ ಮ್ಯಾಲ ನನ್ನ ಕಣ್ಣಿನ ಮ್ಯಾಲ ನನಗ ಭರೋಸಾ ಉಳೀಲಿಲ್ಲ. ಮುಂದ ಬರಿಯೂ ಪರೀಕ್ಷಾದಾಗ ಬರದಿದ್ದ ಎರಡ ಉತ್ತರ ಹೊಡದ ಹಾಕಿದ್ನಿರಿ. ಮನಿಗೆ ಹೋಗಿ ಪುಸ್ತಕ ತಗದ ನೋಡಿದ್ರ ಎರಡೂ ಬರೋಬರಿ ಇದ್ದೂರಿ.’

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಎರಡು ಉತ್ತರಗಳಿಗೆ ಎಷ್ಟು ಅಂಕ, ಅದರಿಂದ ಅವಳಿಗೆ ಯಾವ ಕಾಲೇಜು ತಪ್ಪಿತು ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿತ್ತೆಂದೂ ಅನ್ನಿಸಲಿಲ್ಲ. ತಪ್ಪಾಯಿತವ್ವ ಎಂದೆ.

ರಕ್ತ ತುಂಬಿದ ಕೊಳವೆ ಇನ್ನೂ ಅವಳ ಕೈಯಲ್ಲೇ ಇತ್ತು, ಅದರ ಮೇಲೆ ಯಾವ ಹೆಸರೂ ಇರಲಿಲ್ಲ. ಬೇರೆ ಕಡೆ ಹೆಸರು ಹಚ್ಚಿದ ಖಾಲಿ ಕೊಳವೆಗಳನ್ನು ಮೊದಲೇ ಸಾಲಾಗಿ ಇಟ್ಟಿರುವುದನ್ನು ಕಂಡಿದ್ದೇನೆ. ಇದೇನು ಎಂಬಂತೆ ನೋಡಿದೆ.

‘ಖಾಲಿ ಬಾಟ್ಲಿಗೆ ಹೆಸರ ಹಚ್ಚೂದಿಲ್ರಿ ನಾ’ ಎಂದಳು. ‘ಒಳಗ ಏನ ಬಿತ್ತು ನೋಡಿ, ಆಮ್ಯಾಲ ಹಚ್ಚತೀನಿ. ಅವರ ಮುಂದನ.’

ಒಂದು ಚಿಕ್ಕ ಚೀಟಿಯ ಮೇಲೆ ಅದೇ ಹಳೆಯ ಅಕ್ಷರದಲ್ಲಿ ನನ್ನ ಹೆಸರು, ವಯಸ್ಸು ಬರೆದು, ಕೊಳವೆಗೆ ಅಂಟಿಸಿ, ನನ್ನ ಕಣ್ಣಿನ ಮುಂದೆ ಹಿಡಿದಳು. ಓದಿರಿ ಎಂದಳು. ವಿದ್ಯಾರ್ಥಿಯಂತೆ ಗಟ್ಟಿಯಾಗಿ ಓದಿದೆ.

‘ಬರೋಬರಿ ಐತೇನ್ರಿ?’

‘ಐತವ್ವ.’

ಅವಳು ದಾಖಲೆಯ ಪುಸ್ತಕ ಬಿಚ್ಚಿ, ನನ್ನ ಹೆಸರಿನ ಸಾಲು ಬರೆದು ನನ್ನ ಕಡೆ ಸರಿಸಿ, ಪೆನ್ನು ಕೊಟ್ಟು, ಸಹಿಯ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಹೊರಗೆ ಬೆಂಚಿನ ಮೇಲೆ ಇನ್ನೂ ಐದಾರು ಜನ ಬರಿಹೊಟ್ಟೆಯಲ್ಲಿ ಕಾಯುತ್ತಿದ್ದರು. ನನ್ನ ಕನ್ನಡಕ ಚೀಲದ ತಳದಲ್ಲೆಲ್ಲೋ ಸೇರಿಕೊಂಡಿತ್ತು. ಹುಡುಕಿ ತೆಗೆದೆ, ಒರೆಸಿ ಹಾಕಿಕೊಂಡೆ. ಅವಳು ಅವಸರ ಮಾಡಲಿಲ್ಲ. ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಆಮೇಲೆ ಸಹಿ ಮಾಡಿದೆ.